ಇಂದಿನ ಧಮ್ಮ ಚಿಂತನೆ: ಗೂಡಿನೊಳಗಿನ ಜೀವ





ಕಳೆದ ವಾರ ಶಿಡ್ಲಘಟ್ಟದಿಂದ ನಮ್ಮ ಏಳನೇ ತರಗತಿಯ ಮಕ್ಕಳನ್ನು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆವು. ಹುಲಿ, ಕರಡಿ ನೋಡಿ ಕೂಗಾಡಿದ ಮಕ್ಕಳು, 2006ರಲ್ಲಿ ಶುರುವಾದ ಅಲ್ಲಿನ ಚಿಟ್ಟೆ ಉದ್ಯಾನದೊಳಗೆ ಕಾಲಿಡುತ್ತಲೇ ಮೆತ್ತಗಾದರು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ನಾನು ಪಾಠದಂತೆಯೇ ಹೇಳುತ್ತಿದ್ದೆ. ಆಗ ಒಬ್ಬ ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಸಾರ್, ನಮ್ಮೂರ ರೇಷ್ಮೆ ಗೂಡಿನೊಳಗಿನ ಹುಳಾನೂ ಹಿಂಗೇ ರೆಕ್ಕೆ ಬಂದು ಆಚೆ ಬರಬೇಕಿತ್ತಲ್ವಾ? ಅದನ್ನ ನಮ್ಮಮ್ಮ ಬಿಸಿನೀರಲ್ಲಿ ಬೇಯಿಸ್ತಾಳೆ. ಅಮ್ಮಂಗೆ ಪಾಪ ಬರುತ್ತಾ?"

ನನಗೆ ಮಾತು ಹೊರಡಲಿಲ್ಲ. ನನ್ನ ತಾಯಿಯೂ ನೂಲು ಬಿಚ್ಚುವ ಕೆಲಸ ಮಾಡಿದವಳೇ. ಅವಳ ಬೆರಳು ಸದಾ ಬೆಂದು ಬಿಳಿಚಿಕೊಂಡಿರುತ್ತಿದ್ದವು. "ಊಟದ ಹೊತ್ತಾಯ್ತು, ನಡಿಯಮ್ಮ" ಎಂದು ತಪ್ಪಿಸಿಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳಿಗೆ ಕರುಣೆ ತೋರುವುದೂ ಒಂದು. ಅದನ್ನು ನಾವೆಲ್ಲ ಹೇಳಿದ್ದೇವೆ. ಅದೇ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ, ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ತೋರಿಸಿದ್ದಾರೆ. ಅವರ ಪ್ರಕಾರ ಅಹಿಂಸೆ ಕುರುಡು ಕಟ್ಟಳೆಯಲ್ಲ, ಯೋಚಿಸಿ ನಡೆಯಬೇಕಾದ ತತ್ವ.

ಮರುದಿನ ಆ ಹುಡುಗಿಯನ್ನು ಕರೆದು ಹೇಳಿದೆ: "ಚಿಟ್ಟೆ ಗೂಡು ತೂತು ಮಾಡಿದರೆ ಎಳೆ ತುಂಡಾಗುತ್ತೆ, ಅದಕ್ಕೇ ಬೇಯಿಸ್ತಾರೆ. ಹುಳ ಸಾಯೋದು ನಿಜಾನೇ, ಸುಳ್ಳು ಹೇಳಲ್ಲ. ಆದ್ರೆ ನಿಮ್ಮಮ್ಮನಿಗೆ ಹುಳದ ಮೇಲೆ ದ್ವೇಷವಿಲ್ಲ. ನಿನ್ನ ಹೊಟ್ಟೆ ತುಂಬಿಸಬೇಕು ಅನ್ನೋ ಪ್ರೀತಿ ಇದೆ. ನೀನು ಚೆನ್ನಾಗಿ ಓದು. ನಾಳೆ ಯಾವ ಕೆಲಸ ಮಾಡಬೇಕು ಅಂತ ಆರಿಸಿಕೊಳ್ಳೋ ಶಕ್ತಿ ನಿನಗೆ ಬರಲಿ."

ಬಂಧುಗಳೇ, ರೇಷ್ಮೆಯನ್ನು ಮಡಿ ಬಟ್ಟೆ ಎಂದು ಉಡುವವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಉಟ್ಟವರದು ಮಡಿ, ಬೇಯಿಸಿದವರದು ಪಾಪ! ಈ ಲೆಕ್ಕ ಬರೆದವರು ಯಾರು? ಸತ್ತ ದನ ಹೊತ್ತವರನ್ನು ಮೈಲಿಗೆ ಎಂದು ದೂರವಿಟ್ಟು, ಅದೇ ಚರ್ಮದ ಚಪ್ಪಲಿ ಮೆಟ್ಟಿದ ಲೆಕ್ಕವೂ ಇದೇ ಅಲ್ಲವೇ?

ಬಂದು ನೋಡು ಎನ್ನುತ್ತದೆ ಧಮ್ಮ. ರೇಷ್ಮೆ ಹುಳುವಿನ ಪಾಠವನ್ನು ನಾನು ಎಷ್ಟೋ ವರ್ಷ ಕೋಣೆಯೊಳಗೆ ಮಾಡಿದ್ದೇನೆ, ಯಾರೂ ಹೀಗೆ ಕೇಳಿರಲಿಲ್ಲ. ಹೊರಗೆ ಹೋಗಿ ಕಣ್ಣಾರೆ ಕಂಡ ಮಗು ಕೇಳಿತು. ಹುಳುವಿನ ನೋವು, ತಾಯಿಯ ಬೆಂದ ಬೆರಳು ಎರಡನ್ನೂ ಒಟ್ಟಿಗೆ ಕಾಣುವುದೇ ಕರುಣೆ.

ಇಂದು ನಾವು ಉಡುವ, ಉಣ್ಣುವ ಒಂದು ವಸ್ತುವನ್ನಾದರೂ ಕೈಯಲ್ಲಿ ಹಿಡಿದು ಕೇಳಿಕೊಳ್ಳೋಣ: ಇದರ ಹಿಂದೆ ಯಾರ ಜೀವ, ಯಾರ ಬೆರಳು ಇದೆ?

ಭವತು ಸಬ್ಬ ಮಂಗಲಂ. ಜೈ ಭೀಮ್.