ಪದವಿಯೂ ಪ್ರಮಾಣವೂ

ವಿದ್ಯೆಯು ಬೇರೆ, ವಿದ್ಯೆಗೆ ಸಾಕ್ಷಿಯು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿದುದರಿಂದ ಇಂದಿನ ತಾಯಿತಂದೆಗಳ ಮನಸ್ಸಿನಲ್ಲಿ ದೊಡ್ಡದೊಂದು ಕಳವಳವು ಹುಟ್ಟಿಕೊಂಡಿದೆ. ಮಗನಿಗೋ ಮಗಳಿಗೋ ಯಂತ್ರಗಳಲ್ಲಿ ಆಸಕ್ತಿಯಿದೆ. ಇಂಜಿನಿಯರಿಂಗ್ ಕಾಲೇಜಿಗೆ ಕಳುಹಿಸಬೇಕೆ, ಪಾಲಿಟೆಕ್ನಿಕ್ಕಿಗೆ ಸೇರಿಸಬೇಕೆ, ಇಲ್ಲವೆ ಕಾರ್ಖಾನೆಯಲ್ಲಿ ನಿಂತು ಕೆಲಸ ಕಲಿಯಲು ಬಿಡಬೇಕೆ? ಪ್ರಶ್ನೆಯು ಮೇಲುನೋಟಕ್ಕೆ ಹಣಕಾಸಿನದಾಗಿ ತೋರಿದರೂ ಧರ್ಮದ ಪ್ರಶ್ನೆಯೇ ಆಗಿದೆ. ಶುಲ್ಕಕ್ಕಾಗಿ ಹೊಲವನ್ನು ಒತ್ತೆಯಿಟ್ಟ ಸಂಸಾರಗಳುಂಟು. ಕೈಯಲ್ಲಿ ಕೆಲಸವಿದ್ದೂ ಕಾಗದವಿಲ್ಲದುದರಿಂದ ಬಾಗಿಲಲ್ಲಿಯೇ ನಿಂತ ತರುಣರೂ ಉಂಟು. ಇಬ್ಬರಿಗೂ ನ್ಯಾಯವಾಗುವಂತಹ ಉತ್ತರವನ್ನು ಹುಡುಕುವುದು ಅವಶ್ಯವಾಗಿದೆ.

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಬರುತ್ತವೆ. ಪದವಿಯಿಲ್ಲದವನಿಗೆ ಶಾಸ್ತ್ರಜ್ಞಾನವಿರದು, ಶಾಸ್ತ್ರವಿಲ್ಲದ ಕೈಚಳಕವು ಕುರುಡು ಎಂಬುದು ಮೊದಲನೆಯದು. ಪದವಿಯು ಬರಿಯ ಕಾಗದ, ಕೆಲಸವನ್ನು ಕಲಿಸುವುದು ಕೆಲಸವೇ ಎಂಬುದು ಎರಡನೆಯದು. ಎರಡರಲ್ಲಿಯೂ ಅರ್ಧ ಸತ್ಯವುಂಟು. ಅರ್ಧ ಸತ್ಯವನ್ನು ಪೂರ್ಣವೆಂದು ಹಿಡಿದವರೊಡನೆ ವಾದವು ಮುಗಿಯುವಂತಿಲ್ಲ.

ಶುಕ್ರನೀತಿಯು ವಿದ್ಯೆಯನ್ನೂ ಕಲೆಯನ್ನೂ ವಿಂಗಡಿಸುವ ರೀತಿಯು ಇಲ್ಲಿ ಸ್ಮರಣೀಯವಾಗಿದೆ. ವಾಕ್ಕಿನಿಂದ ನಡೆಯತಕ್ಕದ್ದು ವಿದ್ಯೆ. ಮೂಕನೂ ಮಾಡಬಲ್ಲದ್ದು ಕಲೆ. ಈ ವಿಭಾಗವು ಅನುಕೂಲಕ್ಕಾಗಿ ಮಾಡಿದುದು. ಆದರೆ ಕಾಲಾಂತರದಲ್ಲಿ ನಮ್ಮ ಸಮಾಜವು ಇದನ್ನು ಮೇಲುಕೀಳಿನ ವಿಭಾಗವನ್ನಾಗಿ ಮಾಡಿಕೊಂಡಿತು. ಓದಿದವನು ಸುತ್ತಿಗೆಯನ್ನು ಮುಟ್ಟಲಿಲ್ಲ. ಸುತ್ತಿಗೆ ಹಿಡಿದವನಿಗೆ ಓದು ದೊರೆಯಲಿಲ್ಲ. ಇಂದಿನ ತಾಂತ್ರಿಕ ವೃತ್ತಿಯಾದರೋ ಎರಡನ್ನೂ ಒಂದೇ ದೇಹದಲ್ಲಿ ಬೇಡುತ್ತದೆ. ಮೋಟಾರಿನ ಸುರುಳಿಯನ್ನು ಸುತ್ತುವವನಿಗೆ ತಂತಿಯ ದಪ್ಪವೂ ತಿಳಿದಿರಬೇಕು, ಆ ದಪ್ಪವೇ ಏಕೆಂಬುದೂ ತಿಳಿದಿರಬೇಕು. ಆದುದರಿಂದ ಕಾಲೇಜೋ ಕಾರ್ಖಾನೆಯೋ ಎಂದು ಕೇಳುವುದಕ್ಕಿಂತ, ಇವೆರಡೂ ಒಬ್ಬನಲ್ಲಿ ಕೂಡಿವೆಯೆಂಬುದನ್ನು ಲೋಕವು ಹೇಗೆ ಅರಿಯಬೇಕು ಎಂದು ಕೇಳುವುದು ಮೇಲು.

ಇಲ್ಲಿ ನ್ಯಾಯಶಾಸ್ತ್ರವು ಸಹಾಯಕ್ಕೆ ಬರುತ್ತದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ. ಶಬ್ದವೆಂದರೆ ಆಪ್ತವಾಕ್ಯ, ವಿಷಯವನ್ನು ಬಲ್ಲವನೂ ಬಲ್ಲದ್ದನ್ನು ಇದ್ದಂತೆ ಹೇಳುವವನೂ ಆಪ್ತನು. ವಿಶ್ವವಿದ್ಯಾನಿಲಯದ ಪದವಿಯು ಶಬ್ದಪ್ರಮಾಣವೇ ಆಗಿದೆ. ‘ಇವನನ್ನು ನಾವು ಪರೀಕ್ಷಿಸಿದ್ದೇವೆ, ಇವನು ಬಲ್ಲನು’ ಎಂದು ಬಲ್ಲವರು ಹೇಳಿದ ಮಾತು ಅದು. ಇದರಿಂದ ಪದವಿಯ ಬೆಲೆಯೂ ಅದರ ಮಿತಿಯೂ ಒಟ್ಟಿಗೆ ಗೋಚರಿಸುತ್ತವೆ. ನೋಡಲು ಅವಕಾಶವಿಲ್ಲದಲ್ಲಿ ಆಪ್ತವಾಕ್ಯವನ್ನು ನಂಬುವುದು ಯುಕ್ತ. ಶಸ್ತ್ರಚಿಕಿತ್ಸೆ ಮಾಡುವವನನ್ನೋ ಅಣೆಕಟ್ಟನ್ನು ಕಟ್ಟುವವನನ್ನೋ ‘ಮಾಡಿ ತೋರಿಸು, ಆಮೇಲೆ ನಂಬುವೆವು’ ಎನ್ನಲಾಗದು. ಆದರೆ ಕಣ್ಣೆದುರಿಗೆ ಕೆಲಸವಿರುವಾಗ ಅದನ್ನು ನೋಡದೆ ಕಾಗದವನ್ನು ಕೇಳುವುದು, ಕನ್ನಡಿಯಿದ್ದೂ ನೆರೆಯವನನ್ನು ತನ್ನ ಮುಖ ಹೇಗಿದೆಯೆಂದು ಕೇಳಿದಂತೆ. ಸರಿಯಾಗಿ ಪರೀಕ್ಷಿಸದೆ ಪದವಿಯನ್ನು ಹಂಚುವ ಸಂಸ್ಥೆಯಂತೂ ಆಪ್ತನೇ ಅಲ್ಲ; ಅದರ ವಾಕ್ಯವು ಪ್ರಮಾಣವೂ ಅಲ್ಲ.

ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವಿತವು ಪ್ರತ್ಯಕ್ಷದ ಬಲಕ್ಕೆ ಉತ್ತಮ ನಿದರ್ಶನವಾಗಿದೆ. ಮುಂಬಯಿಯಲ್ಲಿ ಚಿತ್ರಕಲೆಯನ್ನು ಕಲಿಯಹೋದ ಅವರಿಗೆ ಕೆಲವು ಬಣ್ಣಗಳ ಭೇದವು ಕಾಣದುದರಿಂದ ಆ ದಾರಿಯು ಮುಚ್ಚಿತು. ಅವರು ಯಂತ್ರಗಳ ರೇಖಾಚಿತ್ರದತ್ತ ತಿರುಗಿ, ಅಲ್ಲಿನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾದರು; ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯನ್ನು ನಡೆಸಿದರು; ಬಳಿಕ ಕಬ್ಬಿಣದ ನೇಗಿಲುಗಳನ್ನು ಮಾಡಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ಅವರಿಗೆ ಇಂಜಿನಿಯರಿಂಗ್ ಪದವಿಯಿರಲಿಲ್ಲ. ರೈತನು ನೇಗಿಲು ಮಾಡಿದವನ ಪದವಿಯನ್ನು ಕೇಳಲಿಲ್ಲ; ನೇಗಿಲು ಮಣ್ಣಿಗೆ ಎಷ್ಟು ಆಳಕ್ಕೆ ಇಳಿಯುವುದೆಂದು ನೋಡಿದನು. ಮೊದಲು ಹಿಂಜರಿದವನೂ ಕಂಡ ಮೇಲೆ ಕೊಂಡನು.

ಹಾಗಾದರೆ ಎಲ್ಲರೂ ಕಾಲೇಜನ್ನು ಬಿಡಬಹುದಲ್ಲವೆ ಎಂದು ಉತ್ಸಾಹಿಗಳು ಕೇಳುವರು. ಅವರು ಮೈಕೆಲ್ ಫ್ಯಾರಡೆಯ ಹೆಸರನ್ನೂ ಎತ್ತುವುದುಂಟು. ಕಮ್ಮಾರನ ಮಗನಾದ ಫ್ಯಾರಡೆಯು ಲಂಡನ್ನಿನ ಪುಸ್ತಕದಂಗಡಿಯೊಂದರಲ್ಲಿ ಏಳು ವರ್ಷ ರಟ್ಟು ಕಟ್ಟುವ ಕೆಲಸವನ್ನು ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಕ್ಕೆ ಪ್ರವೇಶ ಮಾಡಿದನು. 1831ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದನು. ಇಂದಿನ ವಿದ್ಯುಜ್ಜನಕಗಳು ಆ ತತ್ತ್ವದಿಂದಲೇ ವಿದ್ಯುತ್ತನ್ನು ಉತ್ಪಾದಿಸುತ್ತವೆ. ಇದೆಲ್ಲವೂ ನಿಜ. ಆದರೆ ಕಥೆಯ ಉಳಿದ ಭಾಗವನ್ನೂ ಓದಬೇಕು. ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಅವನು ಕೆಲಸವನ್ನು ಬೇಡಿ ಬರೆದ ಕಾಗದಕ್ಕೆ ಉತ್ತರವೇ ಬರಲಿಲ್ಲ. ಅಂಗಡಿಯ ಗಿರಾಕಿಯೊಬ್ಬನು ಟಿಕೇಟು ಕೊಟ್ಟುದರಿಂದ 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗುವಂತಾಯಿತು. ಕೇಳಿದುದನ್ನೆಲ್ಲ ಬರೆದು, ಸ್ವತಃ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನೊಬ್ಬನ ಸ್ಥಾನವು ತೆರವಾದಾಗ ಕರೆಯು ಬಂದಿತು. ಅವನ ಪುಸ್ತಕವು ಪ್ರತ್ಯಕ್ಷಪ್ರಮಾಣವೇ ಆಗಿದ್ದಿತು. ಆದರೆ ಅದು ನೋಡುವವನ ಕಣ್ಣಿಗೆ ಬಿದ್ದುದು ಅದೃಷ್ಟದಿಂದ. ಹೀಗೆ ಕಣ್ಣಿಗೆ ಬೀಳದೆ ಹೋದವರೆಷ್ಟು ಮಂದಿಯೆಂಬುದನ್ನು ಚರಿತ್ರೆಯು ಬರೆದಿಡುವುದಿಲ್ಲ. ಫ್ಯಾರಡೆಗೆ ಗಣಿತದ ಶಿಕ್ಷಣವಿರಲಿಲ್ಲವೆಂಬುದನ್ನೂ, ಅವನ ಭಾವನೆಗಳಿಗೆ ಗಣಿತದ ರೂಪವನ್ನು ಕೊಟ್ಟವನು ಕೇಂಬ್ರಿಜ್ಜಿನಲ್ಲಿ ಕಲಿತ ಮ್ಯಾಕ್ಸ್‌ವೆಲ್ಲನೆಂಬುದನ್ನೂ ಮರೆಯತಕ್ಕದ್ದಲ್ಲ.

ಬಿಲ್ ಗೇಟ್ಸ್ 1975ರಲ್ಲಿ ಹಾರ್ವರ್ಡನ್ನು ಬಿಟ್ಟುದನ್ನು ಹೇಳುವವರೂ ಬಹಳ ಮಂದಿ. ಆತನ ತಂದೆ ವಕೀಲರೆಂಬುದನ್ನೂ, 1968ರಲ್ಲಿಯೇ ಆತನ ಶಾಲೆಯಲ್ಲಿ ಗಣಕಯಂತ್ರದ ಸಂಪರ್ಕವಿದ್ದಿತೆಂಬುದನ್ನೂ ಹೇಳುವವರು ಕಡಮೆ. ಬಿದ್ದರೆ ಹಿಡಿಯುವವರಿರುವಾಗ ಹಾರುವುದು ಬೇರೆ. ಕೆಳಗೆ ಬರಿಯ ನೆಲವಿರುವಾಗ ಹಾರುವುದು ಬೇರೆ. ಬಲ್ಲವರ ಪರಿಚಯವಿಲ್ಲದ ಹಳ್ಳಿಯ ಬಡ ಹುಡುಗಿಗೆ ಪದವಿಯೊಂದೇ ಸಾಕ್ಷಿ. ಅವಳ ಪರವಾಗಿ ನಗರದಲ್ಲಿ ಮಾತನಾಡುವವರು ಬೇರೆ ಯಾರೂ ಇಲ್ಲ. ಅವಳಿಗೆ ‘ಪದವಿಯು ವ್ಯರ್ಥ’ ಎಂದು ಉಪದೇಶಿಸುವುದು, ಸ್ವತಃ ದೋಣಿಯಲ್ಲಿ ಕುಳಿತು ಈಜುವವನಿಗೆ ಹರಿಗೋಲನ್ನು ಬಿಡೆಂದು ಹೇಳಿದಂತಾಗುವುದು.

ಇದರಿಂದ ಸಿದ್ಧಾಂತವು ಸ್ಪಷ್ಟವಾಗುತ್ತದೆ. ದೋಷವು ಪದವಿಯನ್ನು ಬಯಸುವವನದೂ ಅಲ್ಲ, ಬಿಡುವವನದೂ ಅಲ್ಲ. ಕೆಲಸವನ್ನು ನೋಡುವ ಏರ್ಪಾಡನ್ನು ಮಾಡದೆ ಕಾಗದವನ್ನು ಮಾತ್ರ ಕೇಳುವ ಸಮಾಜದ್ದು. ಪ್ರತ್ಯಕ್ಷಕ್ಕೆ ದಾರಿಯನ್ನು ಮಾಡಿಕೊಟ್ಟ ಮೇಲೆಯೇ ಶಬ್ದವನ್ನು ಹಗುರಾಗಿ ಕಾಣುವ ಅಧಿಕಾರವು ಬರುವುದು.

ಅಂತಹ ಏರ್ಪಾಡು ಅಸಾಧ್ಯವಲ್ಲ. ಜರ್ಮನಿಯಲ್ಲಿ ವೃತ್ತಿಯನ್ನು ಕಲಿಯುವ ಹುಡುಗನು ವಾರದ ಕೆಲವು ದಿನ ಕಾರ್ಖಾನೆಯಲ್ಲಿಯೂ ಕೆಲವು ದಿನ ಶಾಲೆಯಲ್ಲಿಯೂ ಇರುತ್ತಾನೆ. ಕೊನೆಗೆ ಕಲಿಸಿದ ಯಜಮಾನನಲ್ಲ, ವಾಣಿಜ್ಯ ಕೈಗಾರಿಕಾ ಮಂಡಲಿಯು ಪರೀಕ್ಷೆಯನ್ನು ನಡೆಸುತ್ತದೆ. 1969ರ ಕಾನೂನು ಇದನ್ನು ದೇಶಕ್ಕೆಲ್ಲ ಒಂದೇ ಕಟ್ಟಿಗೆ ತಂದಿತು. ಭಾರತದಲ್ಲಿಯೂ 1961ರಿಂದ ಅಪ್ರೆಂಟಿಸ್ ಕಾನೂನು ಇದೆ. ಮೈಸೂರು ಸಂಸ್ಥಾನದಲ್ಲಿ ಪುಣೆಯ ಕಾಲೇಜಿನಿಂದ 1883ರಲ್ಲಿ ಇಂಜಿನಿಯರಾಗಿ ಹೊರಬಂದ ವಿಶ್ವೇಶ್ವರಯ್ಯನವರೇ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿಗೆ ಪ್ರೇರಕರಾದರು. ಅದು 1943ರಲ್ಲಿ ಸ್ಥಾಪಿತವಾಗಿ, ಇಂದು ಪಾಲಿಟೆಕ್ನಿಕ್ಕಾಗಿ ನಡೆಯುತ್ತಿದೆ. ಕಾಲೇಜಿನ ಬೆಲೆಯನ್ನು ಅರಿತವರಿಗೇ ಕಾಲೇಜೊಂದೇ ಸಾಲದೆಂಬುದೂ ತಿಳಿದಿದ್ದಿತು. ಇಂದು ಕರ್ನಾಟಕದಲ್ಲಿ ಹತ್ತನೆಯ ತರಗತಿಯ ಬಳಿಕ ಮೂರು ವರ್ಷದ ಡಿಪ್ಲೊಮಾವನ್ನು ಮುಗಿಸಿದವರು ಪ್ರವೇಶಪರೀಕ್ಷೆಯ ಮೂಲಕ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದಾಗಿದೆ. ಬೇಗ ದುಡಿಯಬೇಕಾದ ಮನೆಯ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ. ಒಂದು ದಾರಿಯನ್ನು ಹಿಡಿದ ಮಾತ್ರಕ್ಕೆ ಇನ್ನೊಂದು ಮುಚ್ಚಬೇಕಾಗಿಲ್ಲವೆಂಬುದನ್ನು ಇದು ತೋರಿಸುತ್ತದೆ. ಗಣಕಯಂತ್ರದ ವೃತ್ತಿಯಲ್ಲಂತೂ ತಂತ್ರಾಂಶವನ್ನು ಬರೆದು ಎಲ್ಲರೂ ನೋಡುವಂತೆ ಇಡುವ ಪದ್ಧತಿಯುಂಟು. ಬರೆದವನ ಊರನ್ನೂ ಕುಲವನ್ನೂ ಪದವಿಯನ್ನೂ ಅರಿಯದೆಯೇ ಬರೆಹವನ್ನು ಪರೀಕ್ಷಿಸಬಹುದು. ಇಷ್ಟು ಸುಲಭವಾಗಿ ಪ್ರತ್ಯಕ್ಷವು ದೊರೆಯುವಲ್ಲಿಯೂ ಅರ್ಜಿಯ ಮೊದಲ ಜರಡಿಯು ಪದವಿಯೇ ಆದರೆ, ಅದನ್ನು ಆಲಸ್ಯವೆನ್ನದೆ ಬೇರೇನೆನ್ನಬೇಕು?

ಛಾಂದೋಗ್ಯದ ಸತ್ಯಕಾಮನ ಕಥೆಯು ವಾಚಕರಿಗೆ ತಿಳಿದುದೇ ಆಗಿದೆ. ಗೋತ್ರವನ್ನು ಕೇಳಿದ ಗೌತಮನಿಗೆ ಬಾಲಕನು ತನಗೆ ತಿಳಿಯದೆಂದು ಇದ್ದುದನ್ನು ಇದ್ದಂತೆ ಹೇಳಿದನು. ಗುರುವು ಗೋತ್ರದ ಸಾಕ್ಷಿಯನ್ನು ಬದಿಗಿಟ್ಟು, ಕಣ್ಣೆದುರಿಗೆ ಕಂಡ ಸತ್ಯಶೀಲವನ್ನೇ ಪ್ರಮಾಣವಾಗಿ ಸ್ವೀಕರಿಸಿದನು. ನಾನೂರು ಬಡ ಹಸುಗಳು ಸಾವಿರವಾಗುವವರೆಗೆ ಕಾಡಿನಲ್ಲಿದ್ದ ಶಿಷ್ಯನು ವೃಷಭದಿಂದಲೂ ಅಗ್ನಿಯಿಂದಲೂ ಹಕ್ಕಿಗಳಿಂದಲೂ ವಿದ್ಯೆಯನ್ನು ಪಡೆದನು. ಹಿಂತಿರುಗಿದಾಗ ಗುರುವು ಅವನ ಮುಖವನ್ನು ನೋಡಿಯೇ ಬಲ್ಲವನೆಂದು ಗುರುತಿಸಿದನು. ಆದರೂ ಶಿಷ್ಯನು ‘ನೀವೇ ಉಪದೇಶಿಸಬೇಕು’ ಎಂದು ಬೇಡಿದನು. ಕಾಡಿನ ಕಲಿಕೆಯು ಗುರುವನ್ನು ತಿರಸ್ಕರಿಸಲಿಲ್ಲ. ಗುರುವು ಕಾಡಿನ ಕಲಿಕೆಯನ್ನು ಹೀಗಳೆಯಲಿಲ್ಲ.

ಆದುದರಿಂದ ಕಾಲೇಜಿಗೆ ಹೋಗುವವನು ಅಲ್ಲಿಂದ ಕಾಗದವನ್ನಷ್ಟೇ ತರದೆ ಕೈಗೆ ಕೆಲಸವನ್ನೂ ತರಲಿ. ಹೋಗದವನು ಶಾಸ್ತ್ರವನ್ನು ತುಚ್ಛವೆನ್ನದೆ, ಕೆಲಸದ ನಡುವೆಯೇ ಅದನ್ನು ಅರಸಲಿ. ತಾಯಿತಂದೆಗಳು ಹೊಲವನ್ನು ಒತ್ತೆಯಿಡುವ ಮುನ್ನ, ಆ ಸಂಸ್ಥೆಯ ವಾಕ್ಯವು ಆಪ್ತವಾಕ್ಯವೇ ಎಂದು ವಿಚಾರಿಸಲಿ. ಅಲ್ಲಿಂದ ಹೊರಬಂದವರು ಏನು ಮಾಡಬಲ್ಲರೆಂಬುದನ್ನು ನೋಡಿದರೆ ಅದು ತಿಳಿಯುವುದು. ಕೆಲಸವನ್ನು ಕೊಡುವವರ ಹೊಣೆಯು ಎಲ್ಲಕ್ಕಿಂತ ದೊಡ್ಡದು. ಬಾಗಿಲಲ್ಲಿ ನಿಂತವನನ್ನು ‘ಏನು ಓದಿದ್ದೀ?’ ಎಂದು ಕೇಳುವುದರ ಜೊತೆಗೆ ‘ಏನು ಮಾಡಬಲ್ಲೆ, ತೋರಿಸು’ ಎಂದು ಕೇಳುವ ತಾಳ್ಮೆಯು ಅವರಿಗಿದ್ದರೆ, ಎಷ್ಟೋ ಹೊಲಗಳು ಉಳಿಯುವುವು. ಎಷ್ಟೋ ಕೈಗಳಿಗೆ ಕೆಲಸವೂ ದೊರೆಯುವುದು.