ಗೂಟ ಮತ್ತು ಹಗ್ಗ ಹೊತ್ತವರು

ಸತ್ಯವೇದ ತೆರೆಯೋಣ. ಅರಣ್ಯಕಾಂಡ ನಾಲ್ಕನೇ ಅಧ್ಯಾಯ, 29ರಿಂದ 33ನೇ ವಚನ. ಅರಣ್ಯಕಾಂಡ ಅಂದ ತಕ್ಷಣ ಕೆಲವರ ಮುಖ ಸಪ್ಪಗಾಯ್ತು, ನೋಡಿದೆ. ಬರೀ ಲೆಕ್ಕ, ಬರೀ ಹೆಸರು ಅಂತ ನಾವು ಹಾರಿಸಿ ಓದುವ ಭಾಗ ಇದು. ಬೈಬಲ್ ಕಾಲೇಜಿನಲ್ಲಿ ನಾನೂ ಪರೀಕ್ಷೆಗೋಸ್ಕರ ಓದಿದ್ದೇ ಹೊರತು, ಇದರಿಂದ ಒಂದು ದಿನ ಪ್ರಸಂಗ ಮಾಡ್ತೀನಿ ಅಂದ್ಕೊಂಡಿರಲಿಲ್ಲ.

ನಮ್ಮ ಕ್ಯಾಂಪ್ ಸೀಸನ್ ಮುಗೀತು. ನಿನ್ನೆ ಶಾಮಿಯಾನ ಇಳಿಸಿ ಮಡಚಿ ಇಟ್ಟೆವು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಆದಮೇಲೆ ಶುರು ಮಾಡಬೇಕು, ತೋಪಿನಲ್ಲಿ ಮಾವಿನಕಾಯಿ ಕೀಳುವುದಕ್ಕೆ ಮುಂಚೆ ಜಾಗ ಬಿಟ್ಟುಕೊಡಬೇಕು. ಅಷ್ಟೇ ನಮಗೆ ಸಿಗುವ ಕಾಲ. ಅದರಲ್ಲೇ ಮೂರು ಕ್ಯಾಂಪ್: ಯೌವನಸ್ಥರದ್ದು, ಮಕ್ಕಳದ್ದು, ಕುಟುಂಬಗಳದ್ದು. ಸಂಬಳದ ಆಳು ಒಬ್ಬರೂ ಇಲ್ಲ. ಹನ್ನೊಂದು ಜನ ಸ್ವಯಂಸೇವಕರು, ಮೂರೂ ಕ್ಯಾಂಪಿಗೆ ಅದೇ ಹನ್ನೊಂದು ಜನ.

ಈಗ ವಾಕ್ಯಕ್ಕೆ ಬರೋಣ. ದೇವದರ್ಶನದ ಗುಡಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಯಾರು ಏನು ಹೊರಬೇಕು ಅಂತ ದೇವರು ಮೋಶೆಗೆ ಹೇಳಿದನು. ಕೆಹಾತ್ಯರಿಗೆ ಮಂಜೂಷ, ದೀಪಸ್ತಂಭ, ಯಜ್ಞವೇದಿಗಳು. ಗೇರ್ಷೋನ್ಯರಿಗೆ ಪರದೆಗಳು, ಬಟ್ಟೆಗಳು. ಮೆರಾರೀಯರಿಗೆ ಏನು? ಚೌಕಟ್ಟು, ಅಗುಳಿ, ಕಂಬ, ಗದ್ದಿಗೇಕಲ್ಲು, ಗೂಟ, ಹಗ್ಗ. ಮೂವತ್ತರಿಂದ ಐವತ್ತು ವರ್ಷದೊಳಗಿನ ಮೆರಾರೀಯರು 3,200 ಜನ ಅಂತ 44ನೇ ವಚನದಲ್ಲಿದೆ. ಮೂರು ಕುಲಗಳಲ್ಲಿ ಹೆಚ್ಚು ಜನ ಇವರೇ. ಯಾಕೆ ಅಂದ್ರೆ ಹೊರೆ ಹಾಗಿತ್ತು. ವಿಮೋಚನಕಾಂಡ 38:27 ನೋಡಿ, ಬೆಳ್ಳಿಯ ಗದ್ದಿಗೇಕಲ್ಲುಗಳು ನೂರು, ಒಂದೊಂದಕ್ಕೆ ಒಂದು ತಲಾಂತು. ಒಂದು ತಲಾಂತು ಅಂದ್ರೆ 30 ಕೆಜಿಗೂ ಮೇಲೆ. ಬಿಸಿಲಿನ ಅರಣ್ಯದಲ್ಲಿ ಇದನ್ನು ಎತ್ತೋದು, ಇಳಿಸೋದು, ಮೇಘ ಎದ್ದ ಕೂಡಲೇ ಮತ್ತೆ ಎತ್ತೋದು.

32ನೇ ವಚನದ ಕೊನೆಗೆ ಬೆರಳಿಡಿ. ಇವರು ಹೊರಬೇಕಾದ ಸಾಮಾನುಗಳನ್ನು ಒಂದೊಂದಾಗಿ ಹೆಸರಿಟ್ಟು ಗೊತ್ತುಮಾಡಬೇಕು ಅಂತ ಅಲ್ಲಿದೆ. ಗೂಟಕ್ಕೆ ಲೆಕ್ಕ ಇದೆ, ಪ್ರಿಯರೇ! ಹಗ್ಗಕ್ಕೆ ಲೆಕ್ಕ ಇದೆ! ಹಲ್ಲೆಲೂಯ.

ಇದನ್ನು ನಾನು ಯಾಕೆ ಇವತ್ತು ತೆಗೆದೆ ಅಂದ್ರೆ, ನನ್ನದೊಂದು ತಪ್ಪು ಒಪ್ಪಿಕೊಳ್ಳುವುದಿದೆ.

ಮಕ್ಕಳ ಕ್ಯಾಂಪಿನ ಎರಡನೇ ರಾತ್ರಿ ನಿಮಗೆ ನೆನಪಿದೆ. ಹನ್ನೊಂದು ಗಂಟೆ ಹೊತ್ತಿಗೆ ಗಾಳಿ ಎದ್ದಿತು, ಆಮೇಲೆ ಆಲಿಕಲ್ಲು ಮಳೆ. ಹೆಣ್ಣುಮಕ್ಕಳು ಶೆಡ್ಡಿನೊಳಗೆ ಇದ್ದರು. ಗಂಡುಮಕ್ಕಳು ಶಾಮಿಯಾನದ ಕೆಳಗೆ. ಬೆಳಿಗ್ಗೆ ನೋಡಿದ್ರೆ ತೋಪಿನ ತುಂಬಾ ಕಾಯಿ ಉದುರಿತ್ತು, ಎರಡು ಕೊಂಬೆ ಮುರಿದಿತ್ತು, ಪಕ್ಕದ ಹೊಲದ ಕೋಳಿ ಶೆಡ್ಡಿನ ಶೀಟು ಹಾರಿಹೋಗಿತ್ತು. ನಮ್ಮ ಶಾಮಿಯಾನ ನಿಂತಿತ್ತು. ಸಾಕ್ಷಿ ಸಮಯದಲ್ಲಿ ಒಬ್ಬೊಬ್ಬರೂ ಎದ್ದು ಕರ್ತನು ಕಾಪಾಡಿದನು ಅಂದರು. ನಾನೂ ಅಂದೆ. ಸತ್ಯವೇ, ಕರ್ತನೇ ಕಾಪಾಡಿದನು. ಆದ್ರೆ ಹಿಂದಿನ ಸಂಜೆ ಆರು ಗಂಟೆಗೆ, ನಾವೆಲ್ಲ ಹಾಡು ಪ್ರಾಕ್ಟೀಸ್ ಮಾಡ್ತಿದ್ದಾಗ, ಒಬ್ಬ ಅಣ್ಣ ಪಡುವಣ ಮೋಡ ನೋಡಿ, ಸಮ್ಮಟಿಗೆ ಹಿಡ್ಕೊಂಡು, ಪ್ರತಿ ಗೂಟವನ್ನೂ ಮತ್ತೆ ಹೊಡೆದು, ಒಂದೊಂದು ಮೂಲೆಗೂ ಎರಡನೇ ಹಗ್ಗ ಬಿಗಿದಿದ್ದರು. ಕರ್ತನು ಕಾಪಾಡಿದ್ದು ಆ ಹಗ್ಗದಿಂದ. ಯಾರೂ ಆ ಅಣ್ಣನ ಹೆಸರು ಹೇಳಲಿಲ್ಲ. ನನಗೆ ಗೊತ್ತಾದದ್ದೇ ಎರಡು ವಾರ ಆದಮೇಲೆ.

ನೀರು ನೋಡಿಕೊಂಡವರೂ ಅವರೇ. ಕೋಲಾರದವರಿಗೆ ನೀರಿನ ಕಥೆ ನಾನು ಹೇಳಬೇಕಾ? ಸಾವಿರ ಅಡಿ ದಾಟಿದ ಬೋರು. ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಬೇಕು, ಅದು ಬರೋದು ರಾತ್ರಿ. ಯಾರಾದ್ರೂ ಒಬ್ಬರು ಎದ್ದಿರಲೇಬೇಕು. ಸಿಂಟೆಕ್ಸ್ ತುಂಬಿದ ಮೇಲೆ ಅಡುಗೆ ಕಡೆಗೆ, ಶೌಚಾಲಯದ ಕಡೆಗೆ ಬಿಂದಿಗೆಯಲ್ಲೇ ಹೊರಬೇಕು, ಪೈಪ್ ಅಷ್ಟು ದೂರ ಇಲ್ಲ. ಬೆಳಗಿನ ಆರಾಧನೆಯಲ್ಲಿ ನಾವು ಕೈ ಎತ್ತಿ ಹಾಡ್ತಿದ್ದಾಗ ಅವರು ಬಿಂದಿಗೆ ಎತ್ತಿದ್ದರು.

ಇನ್ನೊಂದು ಕೇಳಿ. ಕುಟುಂಬ ಕ್ಯಾಂಪಿನಲ್ಲಿ ನಾನು ಲೂಕ 10 ತೆಗೆದುಕೊಂಡು ಮರಿಯ ಮಾರ್ಥರ ಬಗ್ಗೆ ಪ್ರಸಂಗ ಮಾಡಿದೆ. ಒಳ್ಳೇ ಅಭಿಷೇಕ ಇತ್ತು ಅಂತ ಎಲ್ಲರೂ ಅಂದರು. ಹಾರ್ನ್ ಸ್ಪೀಕರ್ ಒಂದನ್ನು ಅಡುಗೆ ಕಡೆಗೂ ತಿರುಗಿಸಿದ್ದೆವು. ಅಲ್ಲಿ ನಾಲ್ಕು ಜನ ಅಕ್ಕಂದಿರು ನೂರೈವತ್ತು ಜನಕ್ಕೆ ಈರುಳ್ಳಿ ಹೆಚ್ಚುತ್ತಾ, ಮಾರ್ಥಳಂತೆ ಬಹಳ ಕೆಲಸದಲ್ಲಿ ಬೇಸತ್ತು ಹೋಗಬೇಡಿ ಅನ್ನೋ ನನ್ನ ಮಾತು ಕೇಳಿಸಿಕೊಂಡರು. ಪ್ರಸಂಗ ಮುಗಿಸಿ ಬಂದು ನಾನೇ ಮೊದಲು ತಟ್ಟೆ ಹಿಡಿದೆ. ಒಬ್ಬ ಅಕ್ಕ ಅನ್ನ ಬಡಿಸ್ತಾ, "ಪಾಸ್ಟರೇ, ನಾವೂ ಕೂತ್ಕೊಂಡಿದ್ರೆ ಇದು ಎಲ್ಲಿಂದ ಬರ್ತಿತ್ತು?" ಅಂದ್ರು. ನಕ್ಕೊಂಡೇ ಅಂದ್ರು. ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ನಗು ಬರಲಿಲ್ಲ.

ಕರ್ತನು ಮಾರ್ಥಳ ಮನೆಯಲ್ಲೇ ಕೂತು, ಅವಳ ಹೆಸರನ್ನು ಎರಡು ಸಲ ಕರೆದು, ಅವಳ ಮುಖ ನೋಡಿ ಹೇಳಿದನು. ನಾನು ಮೈಕಿನಲ್ಲಿ ಹೇಳಿದೆ. ಯೋಹಾನ 12:2ರಲ್ಲಿ ಮಾರ್ಥಳು ಮತ್ತೆ ಉಪಚಾರ ಮಾಡ್ತಾ ಇದ್ದಾಳೆ, ಲಾಜರನು ಊಟಕ್ಕೆ ಕೂತಿದ್ದಾನೆ. ಅಲ್ಲಿ ಕರ್ತನು ಅವಳನ್ನು ಗದರಿಸಿದ ಒಂದು ಮಾತೂ ಇಲ್ಲ.

ಕೊನೇ ಕ್ಯಾಂಪ್ ಮುಗಿದ ದಿನ ಗೂಟದ ಅಣ್ಣನಿಗೆ ಥ್ಯಾಂಕ್ಸ್ ಹೇಳೋಣ ಅಂತ ಹೋದೆ. ಅವರು ಹಗ್ಗ ಸುತ್ತುತ್ತಾ, "ಪಾಸ್ಟರೇ, ಈ ಸೀಸನ್‌ನಲ್ಲಿ ನಾನು ಒಂದು ಮೆಸೇಜೂ ಪೂರ್ತಿ ಕೇಳಲಿಲ್ಲ. ಒಳಗೆ ಒಣಗಿಹೋದ ಹಾಗಿದೆ. ಮುಂದಿನ ವರ್ಷ ನನ್ನ ಬಿಟ್ಬಿಡಿ" ಅಂದರು. ದೂರು ಹೇಳಲಿಲ್ಲ. ಬಿಟ್ಬಿಡಿ ಅಂದರು, ಅಷ್ಟೇ. ನೂರೈವತ್ತು ಜನಕ್ಕೆ ಜೀವಜಲ ಕೊಡ್ತೀವಿ ಅಂತ ಬ್ಯಾನರ್ ಹಾಕಿದ್ದೆವು. ನೀರು ಹೊತ್ತ ಮನುಷ್ಯ ಬಾಯಾರಿ ಮನೆಗೆ ಹೋದ.

ಆ ವಾರ ಅರಣ್ಯಕಾಂಡ ಏಳನೇ ಅಧ್ಯಾಯ ಓದುವಾಗ ನನಗೆ ಕಣ್ಣು ತೆರೆಯಿತು. ಪ್ರಧಾನರು ಆರು ಬಂಡಿ, ಹನ್ನೆರಡು ಎತ್ತು ಕಾಣಿಕೆ ತಂದರು. ಗೇರ್ಷೋನ್ಯರಿಗೆ ಎರಡು ಬಂಡಿ, ನಾಲ್ಕು ಎತ್ತು. ಮೆರಾರೀಯರಿಗೆ ನಾಲ್ಕು ಬಂಡಿ, ಎಂಟು ಎತ್ತು. ಮಂಜೂಷ ಹೊರುವ ಕೆಹಾತ್ಯರಿಗೆ ಒಂದೂ ಇಲ್ಲ, ಅವರು ಹೆಗಲ ಮೇಲೆಯೇ ಹೊರಬೇಕು. ಯಾರ ಹೊರೆ ಭಾರವೋ ಅವರಿಗೆ ಬಂಡಿ. ನಾವು ಮಾಡಿದ್ದು ನೋಡಿ. ಪ್ರಸಂಗಿಗೆ ಕಾರು. ಸೌಂಡ್ ಸಿಸ್ಟಮ್‌ಗೆ ಟೆಂಪೋ. ನೀರು ಹೊರುವವರಿಗೆ ಒಂದು ತಳ್ಳುಗಾಡಿ ಇಲ್ಲ! ಬಜೆಟ್ ಮೇಲೆ ಸಹಿ ಹಾಕಿದವನು ನಾನೇ.

ಎಂಟನೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದಿದೆ. ಐವತ್ತು ವರ್ಷ ಆದ ಲೇವಿಯರು ಆ ಕೆಲಸ ಬಿಡಬೇಕು, ಆಮೇಲೆ ಸಹೋದರರ ಜೊತೆಗಿದ್ದು ಸಹಾಯ ಮಾಡಬಹುದು. ಸೇವೆಗೆ ಕರೆದ ದೇವರೇ ಸೇವೆಗೆ ಮಿತಿಯನ್ನೂ ಇಟ್ಟನು. ನಮ್ಮ ಹನ್ನೊಂದು ಜನರಲ್ಲಿ ಐದು ಜನಕ್ಕೆ ಐವತ್ತು ದಾಟಿದೆ. ಇಲ್ಲಿ ಕೂತಿರುವ ಯೌವನಸ್ಥರನ್ನು ಎಣಿಸಿದ್ರೆ ನಲವತ್ತಕ್ಕೆ ಕಮ್ಮಿ ಇಲ್ಲ. ತಮ್ಮಂದಿರೇ, ಗಿಟಾರಿಗೆ ಏಳು ಜನ ಹೆಸರು ಕೊಟ್ಟಿದ್ದೀರಿ. ಬಕೀಟಿಗೆ ಒಬ್ಬರೂ ಕೊಟ್ಟಿಲ್ಲ. ನಾವು ಪೆಂತೆಕೊಸ್ತರು, ಅಭಿಷೇಕ ಬೇಕು ಅಂತ ರಾತ್ರಿಯೆಲ್ಲಾ ಕಾದು ಪ್ರಾರ್ಥಿಸ್ತೀವಿ. ವಿಮೋಚನಕಾಂಡ 31ರಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದೆನು ಅಂತ ಬೆಚಲೇಲನ ಬಗ್ಗೆ ಹೇಳಿದನು. ಬೆಚಲೇಲ ಯಾರು? ಮರ, ಲೋಹ, ಕಲ್ಲಿನ ಕೆಲಸ ಮಾಡುವವನು.

ಹತ್ತನೇ ಅಧ್ಯಾಯ 21ನೇ ವಚನವನ್ನು ಮನೆಗೆ ಹೋಗಿ ಓದಿ. ಗೂಟ ಹಗ್ಗದವರು ಮುಂದೆ ಹೊರಟುಹೋಗ್ತಿದ್ದರು. ಪವಿತ್ರ ವಸ್ತುಗಳನ್ನು ಹೊತ್ತವರು ಬಂದು ಸೇರುವಷ್ಟರಲ್ಲಿ ಗುಡಾರ ಎದ್ದು ನಿಂತಿರುತ್ತಿತ್ತು.

ಹಿರಿಯರ ಜೊತೆ ಕೂತು ಮಾತಾಡಿದ್ದೇವೆ. ಮುಂದಿನ ಸೀಸನ್‌ಗೆ ಕ್ಯಾಂಪ್ ಮೂರಲ್ಲ, ಎರಡು. ಒಬ್ಬರು ಒಂದೇ ಕ್ಯಾಂಪಿನಲ್ಲಿ ಸೇವೆ ಮಾಡಬೇಕು, ಇನ್ನೊಂದರಲ್ಲಿ ಕೂತು ವಾಕ್ಯ ಕೇಳಬೇಕು. ಸಂಜೆ ಕೂಟದ ಹೊತ್ತಿಗೆ ಒಲೆ ಆರಿರಬೇಕು, ಆ ಹೊತ್ತಿಗೆ ಉಪ್ಪಿಟ್ಟೇ ಆದರೂ ಸರಿ. ತಳ್ಳುಗಾಡಿಯ ಹಣ ಈ ತಿಂಗಳ ಪ್ರಸಂಗಿಗಳ ಖರ್ಚಿನಿಂದ ಹೋಗುತ್ತೆ. ಗೂಟದ ಅಣ್ಣ ಬರೋದಿಲ್ಲ ಅಂದಿದ್ದಾರೆ, ನಾನು ಒತ್ತಾಯ ಮಾಡಿಲ್ಲ, ನೀವೂ ಮಾಡಬೇಡಿ. ಅವರಿಗಾಗಿ ಪ್ರಾರ್ಥಿಸಿ.

ಅಣ್ಣ, ಹೊರಗೆ ಜನರೇಟರ್ ಕಡೆ ಹೋಗಬೇಡಿ. ತಮ್ಮ ನೋಡ್ಕೋತಾನೆ. ಬನ್ನಿ, ಮುಂದೆ ಕೂತ್ಕೊಳ್ಳಿ.

ಈಗ ಹನ್ನೊಂದು ಹೆಸರುಗಳನ್ನು ಓದುತ್ತೇನೆ. ಅವರು ಕೂತಿರಲಿ. ಉಳಿದವರು ಎದ್ದು ನಿಲ್ಲಿ.

(ಇಲ್ಲಿ ಸಭೆಯಲ್ಲಿ ಹೆಸರುಗಳನ್ನು ಓದಲಾಯಿತು. ಅವರ ಇಷ್ಟದಂತೆ ಬರಹದಲ್ಲಿ ಹಾಕಿಲ್ಲ.)

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ನೋಡದೆ ಹೋದವರನ್ನು ನೀನು ನೋಡಿದ್ದೀ. ನಿನ್ನ ದಾಸನಾದ ನನ್ನನ್ನು ಕ್ಷಮಿಸು. ಬಾಯಾರಿದ ಈ ಮಕ್ಕಳಿಗೆ ಈಗಲೇ, ಇಲ್ಲೇ ಕುಡಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.