ಎಂಟು ಮಂದಿಯ ಒಂದು ರಾತ್ರಿ

ಮನೆಗೆ ನೆಂಟರು ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗುವವರು, ರೈಲಿನಲ್ಲಿ ಹೆಸರೂ ಗೊತ್ತಿಲ್ಲದ ಏಳು ಜನರ ಎದುರು ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ.

*

ಸ್ಲೀಪರ್ ಬೋಗಿಯ ಒಂದೊಂದು ಅಂಕಣಕ್ಕೂ ಎಂಟು ಬರ್ತ್: ಎದುರುಬದುರು ಮೂರು ಮೂರು, ಓಡಾಡುವ ದಾರಿಯಾಚೆ ಸೈಡಿನಲ್ಲಿ ಎರಡು. ಹಳೆಯ ನೀಲಿ ಬೋಗಿಯಲ್ಲಿ ಇಂಥವು ಒಂಬತ್ತು, ಅಂದರೆ 72 ಜನ. ಈಗಿನ ಎಲ್‌ಎಚ್‌ಬಿ ಬೋಗಿಯಲ್ಲಿ ಹತ್ತು, 80 ಜನ. ಅಷ್ಟೂ ಮಂದಿ ಹತ್ತು ಗಂಟೆಯ ಆಸುಪಾಸಿಗೆ ದೀಪ ಆರಿಸಲು ಒಪ್ಪುತ್ತಾರೆ. ಅಧ್ಯಕ್ಷರಿಲ್ಲ, ನಡಾವಳಿ ಪುಸ್ತಕವಿಲ್ಲ. 80 ಮನೆಗಳ ಅಪಾರ್ಟ್‌ಮೆಂಟಿನ ಸಭೆಗೆ ಒಮ್ಮೆ ಹೋಗಿ ಬಂದವರಿಗೆ ಇದರ ಬೆಲೆ ತಿಳಿಯುತ್ತದೆ.

*

ಮಧ್ಯದ ಬರ್ತಿನವನು ಹಗಲಿನಲ್ಲಿ ಇಲ್ಲದ ಜಾಗಕ್ಕೆ ಟಿಕೆಟ್ ಕೊಂಡವನು. ಅವನ ಹಾಸಿಗೆಗೇ ಉಳಿದವರು ಬೆನ್ನು ಆನಿಸಿ ಕೂತಿರುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಎತ್ತಿ ಕಟ್ಟಿ ಮಲಗಬಹುದು ಎಂದು ನಿಯಮವೇನೋ ಇದೆ. ಆದರೆ ನಿಯಮದ ಮಾತು ಬರುವುದು ಜಗಳವಾದಾಗ ಮಾತ್ರ. ಮಿಕ್ಕ ರಾತ್ರಿಗಳಲ್ಲಿ ಯಾರದಾದರೂ ಒಂದು ಆಕಳಿಕೆ ಸಾಕು: ಎಲ್ಲರೂ ಎದ್ದು ನಿಲ್ಲುತ್ತಾರೆ, ಇಬ್ಬರು ಹಲಗೆ ಎತ್ತಿ ಹಿಡಿಯುತ್ತಾರೆ, ಮೂರನೆಯವರು ಸರಪಳಿಯ ಕೊಂಡಿ ಸಿಕ್ಕಿಸುತ್ತಾರೆ.

*

“ತಮ್ಮಾ, ನನಗ ಮ್ಯಾಲ ಹತ್ತಾಕ ಆಗಂಗಿಲ್ಲಪ್ಪಾ, ಮೊಣಕಾಲು ಬ್ಯಾನಿ.”

“ನೀವು ಇಲ್ಲೇ ಮಲಕೋರಿ ಅಜ್ಜಿ, ನಾ ಮ್ಯಾಲ ಹೋಗ್ತೀನಿ.”

45 ದಾಟಿದ ಹೆಂಗಸರಿಗೂ 60 ದಾಟಿದ ಗಂಡಸರಿಗೂ ಕೇಳದಿದ್ದರೂ ಕೆಳಗಿನ ಬರ್ತ್ ಕೊಡಲು ರೈಲ್ವೆ ಕಂಪ್ಯೂಟರು ನೋಡುತ್ತದೆ, ಖಾಲಿ ಇದ್ದರೆ. ಇಲ್ಲದಿದ್ದರೆ ಉಳಿದ ಕೆಲಸ ಇಂಥ ಹುಡುಗರದ್ದು. ರಸೀದಿ, ಫೋಟೊ, ಫಲಕ ಯಾವುದೂ ಇಲ್ಲದೆ ದಾನ ನಡೆಯುವ ಜಾಗಗಳು ಈಗ ಹೆಚ್ಚು ಉಳಿದಿಲ್ಲ. (ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏಳೂವರೆಗೇ ನಿದ್ದೆ ಬಂದವರಂತೆ ಮಲಗುವವರೂ ಇದ್ದಾರೆ. ಅವರ ರೆಪ್ಪೆ ಅದುರುವುದು ಎಲ್ಲರಿಗೂ ಕಾಣುತ್ತದೆ.)

*

ಆರ್‌ಎಸಿ ಎಂದರೆ ಒಂದೇ ಸೈಡ್ ಬರ್ತಿನಲ್ಲಿ ಇಬ್ಬರು. ಪಾದಗಳಿಗೆ ಮೊದಲು ಪರಿಚಯವಾಗುತ್ತದೆ, ಹೆಸರು ಆಮೇಲೆ.

*

ಟಿಕೆಟ್ ಕಾದಿರಿಸುವಾಗ ಹೆಸರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ, ಗಂಡೋ ಹೆಣ್ಣೋ ಕೇಳುತ್ತಾರೆ. ಜಾತಿ ಕೇಳುವುದಿಲ್ಲ. ಊರಿನಲ್ಲಿ ಒಂದೇ ಜಗಲಿಯ ಮೇಲೆ ಕೂರದವರ ನಡುವೆ ಇಲ್ಲಿ ಒಂದು ಹಲಗೆಯಷ್ಟೇ ಅಂತರ. ಮೇಲೆ ಯಾರು, ಕೆಳಗೆ ಯಾರು ಎಂಬುದನ್ನು ಯಂತ್ರ ನಿರ್ಧರಿಸಿರುತ್ತದೆ. ಮಾತಿನ ನಡುವೆ ‘ನೀವು ಯಾವ ಪೈಕಿ’ ಎಂದು ಸುತ್ತುಬಳಸಿ ವಿಚಾರಿಸುವವರು ಬೋಗಿಗೊಬ್ಬರಾದರೂ ಸಿಗುತ್ತಾರೆ. ಆದರೆ ಉತ್ತರ ಏನೇ ಬಂದರೂ ಬರ್ತ್ ಬದಲಾಗುವುದಿಲ್ಲ. ಅವರಿಗೆ ಉಳಿಯುವುದು ಗೋಡೆಯ ಕಡೆ ತಿರುಗಿ ಮಲಗುವ ಸ್ವಾತಂತ್ರ್ಯ.

*

1893ರ ಜೂನ್. ಡರ್ಬನ್ನಿನಿಂದ ಪ್ರಿಟೋರಿಯಾಕ್ಕೆ ಹೊರಟ ಯುವ ವಕೀಲ ಗಾಂಧಿಗೆ ಅವರ ಕಕ್ಷಿದಾರರು ಐದು ಶಿಲಿಂಗ್ ಹೆಚ್ಚು ಕೊಟ್ಟು ರಾತ್ರಿಯ ಹಾಸಿಗೆಗೂ ಚೀಟಿ ಮಾಡಿಸಿಕೊಳ್ಳಿ ಎಂದರು. ದುಡ್ಡು ಉಳಿಸುವ ಮನಸ್ಸು, ಮೇಲೆ ಸ್ವಲ್ಪ ಹಟ, ಬೇಡ ಎಂದರು. ಪೀಟರ್‌ಮಾರಿಟ್ಜ್‌ಬರ್ಗಿನಲ್ಲಿ ರೈಲ್ವೆಯ ಆಳು ಬಂದು ಹಾಸಿಗೆ ಬೇಕೇ ಎಂದಾಗಲೂ ನನ್ನ ಬಳಿ ಇದೆ ಎಂದರು. ಆಮೇಲಿನದು ಎಲ್ಲರಿಗೂ ಗೊತ್ತು. ಮೊದಲ ದರ್ಜೆಯ ಟಿಕೆಟ್ ಇದ್ದವರನ್ನು ಹೊರಗೆ ದಬ್ಬಲಾಯಿತು, ಚಳಿಯ ರಾತ್ರಿಯನ್ನು ಅವರು ವೇಟಿಂಗ್ ರೂಮಿನಲ್ಲಿ ಕೂತು ಕಳೆದರು. ಓವರ್‌ಕೋಟು ಸಾಮಾನಿನಲ್ಲಿತ್ತು, ಕೇಳಿದರೆ ಮತ್ತೆ ಅವಮಾನವಾದೀತೆಂದು ಕೇಳಲಿಲ್ಲ. ಯಾರ ಹತ್ತಿರ ಯಾರು ಮಲಗಬಹುದು ಎಂಬುದು ಆ ರಾತ್ರಿಯ ತಕರಾರು. ಹಾಸಿಗೆ ಜೊತೆಗೇ ಇತ್ತು, ಬಿಚ್ಚಲು ಜಾಗ ಕೊಡಲಿಲ್ಲ.

*

ಮೂರನೆಯ ದರ್ಜೆ ರದ್ದಾದದ್ದು 1974ರಲ್ಲಿ. ಆಮೇಲೂ ಎರಡನೆಯ ದರ್ಜೆಯ ಸ್ಲೀಪರಿನಲ್ಲಿ ಬೆನ್ನಿಗೆ ಸಿಗುತ್ತಿದ್ದುದು ಬರೀ ಮರದ ಹಲಗೆ. 1977ರಿಂದ 79ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ ಅದರ ಮೇಲೆ ಎರಡು ಇಂಚಿನ ಫೋಮ್ ಹಾಕಿಸಿದರು. ಹೊಸ ಗಾಡಿಗಳನ್ನು ಘೋಷಿಸಿದ ಮಂತ್ರಿಗಳು ಬಹಳ ಜನ, ಮಲಗುವವನ ಬೆನ್ನುಹುರಿಯ ಬಗ್ಗೆ ಯೋಚಿಸಿದವರು ಕಡಿಮೆ. ನಮ್ಮ ರಾಜಕಾರಣದಲ್ಲಿ ಪೂರ್ತಿ ನೆರವೇರಿದ ಭರವಸೆಗಳ ದಪ್ಪ ಅಳೆದರೆ ಎರಡು ಇಂಚು ಚಿಲ್ಲರೆಯಲ್ಲ.

*

ಫೋಮ್ ಜನರಲ್ ಬೋಗಿಯ ರಾತ್ರಿಯನ್ನು ಬದಲಿಸಲಿಲ್ಲ. ಅಲ್ಲಿ ಲಗೇಜ್ ಇಡುವ ಹಲಗೆಯ ಮೇಲೆ ಮೂವರು, ಶೌಚಾಲಯದ ಬಾಗಿಲ ಬಳಿ ಹಾಳೆ ಹಾಸಿ ಒಂದು ಸಂಸಾರ. ಕೂಲಿಗೆಂದು ಬೆಂಗಳೂರಿಗೆ ಬರುವ ಕಲಬುರಗಿ, ರಾಯಚೂರು ಕಡೆಯ ಎಷ್ಟೋ ಜನರಿಗೆ ‘ರಾತ್ರಿ ಗಾಡಿ’ ಎಂದರೆ ಮಲಗುವ ಗಾಡಿಯಲ್ಲ. ಅವರು ಬೆಳಿಗ್ಗೆ ಇಳಿದು ನೇರ ಕೆಲಸಕ್ಕೆ ಹೋಗುತ್ತಾರೆ. ನಿದ್ದೆ ಎಲ್ಲರಿಗೂ ಸಮ ಎಂದು ಬರೆದವರು ಮಲಗಿಯೇ ಪ್ರಯಾಣ ಮಾಡಿದವರಿರಬೇಕು.

*

ಸ್ಲೀಪರಿನಲ್ಲಿ ಟಿಕೆಟ್ಟಿನ ಜೊತೆ ಹೊದಿಕೆ ಕೊಡುವುದಿಲ್ಲ, ಎಸಿಯಲ್ಲಿ ಕೊಡುತ್ತಾರೆ. ಹಾಗಾಗಿ ಮನೆಯ ಚಾದರ, ಕೌದಿ, ಮದುವೆಯಲ್ಲಿ ಉಡುಗೊರೆ ಬಂದ ಶಾಲು ಇವೆಲ್ಲ ಸ್ಲೀಪರಿನಲ್ಲಿ ಮಾತ್ರ ನೋಡಲು ಸಿಗುತ್ತವೆ.

*

ತುಂಡು ಹಳಿಗಳ ಕಾಲದಲ್ಲಿ ಮಲಗಿದಲ್ಲೇ ಗಾಡಿಯ ವೇಗ ಹೇಳಬಹುದಿತ್ತು. ಒಂದೊಂದು ಹಳಿಯ ಉದ್ದ 13 ಮೀಟರ್. ಫಿಶ್‌ಪ್ಲೇಟ್ ಹಾಕಿ ಜೋಡಿಸಿದ ಕಡೆಯಲ್ಲೆಲ್ಲ ಗಾಲಿ ಒಮ್ಮೆ ‘ಟಕ್’ ಅನ್ನುತ್ತಿತ್ತು. 47 ಸೆಕೆಂಡಿನಲ್ಲಿ ಎಷ್ಟು ಸಲ ಕೇಳಿಸಿತೋ, ವೇಗ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರು. ಈಗ ಹಳಿಗಳನ್ನು ಉದ್ದಕ್ಕೆ ಬೆಸೆದಿದ್ದಾರೆ. ಕುಲುಕಾಟ ಕಡಿಮೆ, ಸವೆತ ಕಡಿಮೆ, ಒಳ್ಳೆಯದೇ. ಲೆಕ್ಕ ಮಾಡುವ ಕೆಲಸ ಮಾತ್ರ ಫೋನಿಗೆ ಹೋಯಿತು. ಕಣ್ಣು ಮುಚ್ಚಿಕೊಂಡು ಅದನ್ನು ನೋಡಲಾಗುವುದಿಲ್ಲ.

*

ನಾವು ಮಲಗುವುದಕ್ಕೆ ಎಷ್ಟು ಜನ ಎದ್ದಿರಬೇಕು! ಎಂಜಿನ್ನಿನಲ್ಲಿ ಲೋಕೋ ಪೈಲಟ್, ಪಕ್ಕದಲ್ಲಿ ಸಹಾಯಕ. ಸಿಗ್ನಲ್ ಕಂಡಾಗ ಒಬ್ಬರು ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ಮರುನುಡಿಯಬೇಕು. ಇಬ್ಬರಿಗೂ ಕಾಣುತ್ತಿರುವುದನ್ನು ಕೂಗಿ ಹೇಳುವುದೇಕೆ? ನಡುರಾತ್ರಿ ಕಣ್ಣು ನೋಡುತ್ತಿದ್ದರೂ ಮನಸ್ಸು ನೋಡದೆ ಇರಬಹುದು, ಅದಕ್ಕೆ. ನಿದ್ದೆಯ ಮುಂದೆ ಮನುಷ್ಯ ಎಷ್ಟು ಬಡವ ಎಂದು ಅರಿತವರು ಮಾಡಿದ ನಿಯಮ ಅದು.

ಕೊನೆಯ ಬೋಗಿಯಲ್ಲಿ ಗಾರ್ಡ್. 2022ರಿಂದ ಅವರ ಹುದ್ದೆ ‘ಟ್ರೈನ್ ಮ್ಯಾನೇಜರ್’. ಜನರ ಬಾಯಲ್ಲಿ ಇನ್ನೂ ಗಾರ್ಡೇ. ಗಾಡಿ ನಿಲ್ಲದ ಸಣ್ಣ ಸ್ಟೇಷನ್ನಿನಲ್ಲೂ ಒಬ್ಬರು ಹೊರಗೆ ಬಂದು ಹಸಿರು ದೀಪ ಹಿಡಿದು ನಿಲ್ಲುತ್ತಾರೆ, ಗಾಡಿಯಿಂದಲೂ ಹಸಿರು ದೀಪ ಉತ್ತರಿಸುತ್ತದೆ. ನಮಗದು ಕಿಟಕಿಯಲ್ಲಿ ಸುಳಿದು ಮಾಯವಾಗುವ ಒಂದು ಚುಕ್ಕೆ. ಅವರು ಅಲ್ಲಿಗೇ ಒಳಗೆ ಹೋಗುವುದಿಲ್ಲ, ಗಾಡಿಯ ಬೆನ್ನಿನ ಕೆಂಪು ದೀಪ ಹಾದುಹೋಗುವವರೆಗೆ ಕಾಯುತ್ತಾರೆ. ಅದು ಕಂಡರೆ ಗಾಡಿ ಪೂರ್ತಿ ಬಂದಿದೆ, ಹಿಂದೆ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಎಂದರ್ಥ.

ಇವರಿಗಿಂತ ಕೆಳಗೆ, ನೆಲದ ಮೇಲೆ, ಮಳೆಗಾಲದ ಗಸ್ತಿನವನು. ಲಾಟೀನು, ಕೈಯಲ್ಲಿ ಕೋಲು, ಚೀಲದಲ್ಲಿ ಹಳಿಯ ಮೇಲಿಟ್ಟರೆ ಗಾಲಿ ತಾಗಿ ಸಿಡಿಯುವ ಎಚ್ಚರಿಕೆಯ ಪಟಾಕಿ. ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಆಚೆಯಿಂದ ಬಂದವನೊಡನೆ ಗಸ್ತಿನ ಪುಸ್ತಕ ಬದಲಾಯಿಸಿಕೊಂಡು, ಮತ್ತೆ ಹಿಂದಕ್ಕೆ. ಬರ್ತ್ ಸಿಗಲಿಲ್ಲವೆಂದು ರಾತ್ರಿಯೆಲ್ಲ ಗೊಣಗುವವರಿಗೆ ಅವನ ಸುದ್ದಿ ಹೇಳಬೇಕು ಅನ್ನಿಸುತ್ತದೆ. ಆದರೆ ಗೊಣಗುವವರಿಗೆ ಸುದ್ದಿ ಹೇಳಿ ಪ್ರಯೋಜನವಾದದ್ದು ಯಾವಾಗ?

*

ಗಾಡಿ ಓಡುವಾಗ ಎಚ್ಚರವಾಗುವುದಿಲ್ಲ. ಹೆಸರಿಲ್ಲದ ಜಾಗದಲ್ಲಿ ಕ್ರಾಸಿಂಗಿಗೆ ನಿಂತಾಗ ಬೋಗಿಯಲ್ಲಿ ಅರ್ಧ ಜನ ಕಣ್ಣು ಬಿಟ್ಟಿರುತ್ತಾರೆ.

*

“ಬೀರೂರು ಬಂದ್ರ ಎಬ್ಬಸ್ರೀ ಅಣ್ಣಾ” ಎಂದು ಒಪ್ಪಿಸಿ ಒಬ್ಬ ಗೊರಕೆಗೆ ಇಳಿಯುತ್ತಾನೆ. ಒಪ್ಪಿಕೊಂಡವನು ಹುಬ್ಬಳ್ಳಿಗೆ ಹೋಗಬೇಕಾದವನು, ಬೀರೂರಿನ ಚಿಂತೆಯಲ್ಲಿ ಕಣ್ಣು ಮುಚ್ಚದೆ ಕೂರುತ್ತಾನೆ. 139ಕ್ಕೆ ಫೋನ್ ಮಾಡಿ ಎಬ್ಬಿಸುವ ಏರ್ಪಾಡು ಮಾಡಿಕೊಳ್ಳಬಹುದು ಎಂದು ಇಬ್ಬರಿಗೂ ಗೊತ್ತು. ಆದರೆ ಯಂತ್ರಕ್ಕೆ ನಾಚಿಕೆಯಿಲ್ಲ, ಮರೆತರೂ ಅದಕ್ಕೇನೂ ಅನ್ನಿಸುವುದಿಲ್ಲ. ಮನುಷ್ಯನಾದರೆ ಮುಖ ಉಳಿಸಿಕೊಳ್ಳಲಿಕ್ಕಾದರೂ ಎಬ್ಬಿಸುತ್ತಾನೆ.

*

ಸೂಟ್‌ಕೇಸಿಗೆ ಸರಪಳಿ ಹಾಕಿ ಬೀಗ ಜಡಿಯುತ್ತಾರೆ. ಪಕ್ಕದಲ್ಲೇ ತಾವು ಹಾಗೇ ಮಲಗುತ್ತಾರೆ.

*

ಒಂಟಿಯಾಗಿ ಹೊರಟ ಹೆಣ್ಣುಮಗಳು ಬೋಗಿ ಹತ್ತಿದವಳೇ ಮೊದಲು ನೋಡುವುದು ತನ್ನ ಬರ್ತನ್ನಲ್ಲ, ಉಳಿದ ಏಳು ಮುಖಗಳನ್ನು. ಮತ್ತೊಬ್ಬ ಹೆಂಗಸು, ಒಂದು ಮಗು, ಒಬ್ಬ ಅಜ್ಜಿ ಕಂಡರೆ ಚೀಲ ಕೆಳಗಿಡುತ್ತಾಳೆ. ದೂರದ ಗಾಡಿಗಳ ಸ್ಲೀಪರಿನಲ್ಲಿ ಹೆಂಗಸರಿಗೆಂದೇ ಆರು ಬರ್ತುಗಳ ಕೋಟಾ ಇದೆ, ಇರಬೇಕಾದದ್ದೇ. ಆದರೆ ಅವಳು ಮೇಲಿನ ಬರ್ತನ್ನೇ ಕೇಳಿ ಪಡೆಯುವುದು ಏಕೆಂದು ಅದೇ ಅಂಕಣದ ಗಂಡಸರು ಒಮ್ಮೆ ಯೋಚಿಸಿದರೆ, ಅಪರಿಚಿತರ ನಡುವಿನ ಈ ನಂಬಿಕೆಯನ್ನು ಹೊಗಳುವ ನನ್ನಂಥವರ ಮಾತು ಸ್ವಲ್ಪ ತಗ್ಗುತ್ತದೆ. ಎಂಟೂ ಜನ ನಂಬಿಯೇ ಮಲಗುತ್ತಾರೆ ನಿಜ. ಎಲ್ಲರೂ ಒಂದೇ ಬೆಲೆ ಕೊಟ್ಟು ನಂಬುವುದಿಲ್ಲ.

*

ಅಪರಿಚಿತರು ಕೊಟ್ಟ ತಿಂಡಿ ತಿನ್ನಬೇಡಿ ಎಂದು ಧ್ವನಿವರ್ಧಕ ಹೇಳುತ್ತದೆ. ಅದು ಮುಗಿಯುವ ಹೊತ್ತಿಗೆ ಎದುರಿನವರು ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿ “ಸ್ವಲ್ಪ ತಗೋರಿ” ಅನ್ನುತ್ತಾರೆ. ಮೋಸ ಹೋದವರ ಕಥೆಗಳೂ ನಿಜ, ರೊಟ್ಟಿಯೂ ನಿಜ. ಬೇಡವೆಂದವರೂ ತಪ್ಪು ಮಾಡಿದಂತಲ್ಲ, ಹಸಿದು ಮಲಗಿದಂತೆ ಅಷ್ಟೇ.

*

ಒಂದು ಕಾಲಕ್ಕೆ ಬೆಂಗಳೂರಿನಿಂದ ಹುಬ್ಬಳ್ಳಿ ದಾರಿಯಲ್ಲಿ ಮುಂಬೈಗೆ ಹೊರಟವರು ಮೀರಜಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಈಚೆಯದು ಮೀಟರ್ ಗೇಜ್, ಹಳಿಗಳ ನಡುವೆ 1000 ಮಿಲಿಮೀಟರು. ಆಚೆಯದು ಬ್ರಾಡ್‌ಗೇಜ್, 1676. ಆ 676 ಮಿಲಿಮೀಟರಿಗಾಗಿ ಟ್ರಂಕು, ಹಾಸಿಗೆ ಸುರುಳಿ, ಮಲಗಿದ ಮಕ್ಕಳು ಎಲ್ಲವೂ ಒಂದು ಗಾಡಿಯಿಂದ ಇನ್ನೊಂದಕ್ಕೆ. ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದಾಗ, 1992ರಲ್ಲಿ, ದೇಶಕ್ಕೆಲ್ಲ ಒಂದೇ ಅಗಲ ಎಂಬ ಯುನಿಗೇಜ್ ಯೋಜನೆ ಶುರುವಾಯಿತು. ಅದರ ಲಾಭನಷ್ಟದ ಲೆಕ್ಕ ಹಾಕುವವರು ಸರಕು ಸಾಗಣೆಯ ಟನ್ನುಗಳನ್ನು ಎಣಿಸುತ್ತಾರೆ. ಮುರಿಯದೆ ಉಳಿದ ನಿದ್ದೆಗಳಿಗೆ ಖಾತೆಯಿಲ್ಲ.

*

“ಚೆನ್ನಮ್ಮ ಒಂದು ತಾಸು ಲೇಟಂತ.” “ಗೋಲಗುಂಬಜ ಬಂತು, ಏಳ್ರಿ.” ಎರಡೂ ಗಾಡಿಗಳ ಹೆಸರು, ಪ್ಲಾಟ್‌ಫಾರ್ಮಿನಲ್ಲಿ ಈ ಮಾತಿಗೆ ಯಾರೂ ನಗುವುದಿಲ್ಲ.

*

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯಲ್ಲಿ 57 ಸುರಂಗಗಳು. ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಜಾರು. ಹತ್ತುವ ಗಾಡಿಗೆ ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನ್ ಕಟ್ಟುವ ರೂಢಿ. ಹಗಲು ಗಾಡಿಯವರು ಗಾಜಿನ ಬೋಗಿಯಲ್ಲಿ ಕೂತು ಸುರಂಗ ಬಂದಾಗಲೆಲ್ಲ ಕೂಗು ಹಾಕುತ್ತಾರೆ. ರಾತ್ರಿ ಕಾರವಾರದ ಗಾಡಿಯಲ್ಲಿ ಹೋಗುವವರಿಗೆ ಅದೇ ಘಟ್ಟವೆಂದರೆ ಸದ್ದು ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುವುದು, ಕಿಟಕಿಯಿಂದ ಒಳಬರುವ ತಣ್ಣನೆ ಗಾಳಿಗೆ ಒದ್ದೆ ಮಣ್ಣಿನ ವಾಸನೆ ಸೇರುವುದು. ನೋಡದೆ ದಾಟಿದ್ದನ್ನೂ ಪ್ರಯಾಣ ಅನ್ನುವುದಾದರೆ, ಮಲೆನಾಡನ್ನು ಹೆಚ್ಚು ಸಲ ದಾಟಿದವರು ಅದನ್ನು ಕಾಣದವರೇ.

*

ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 1507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಆ ದಾಖಲೆಯ ಮಹತ್ವ ಪೂರ್ತಿ ಅರ್ಥವಾಗುವುದು ಬೆಳಗಿನ ಜಾವ ನಾಲ್ಕಕ್ಕೆ, ಎರಡು ಚೀಲ ಮತ್ತು ಮಲಗಿದ ಮಗು ಹೊತ್ತು ತಪ್ಪು ತುದಿಯಲ್ಲಿ ಇಳಿದವರಿಗೆ.

*

ವಂದೇ ಭಾರತ್‌ನ ಸ್ಲೀಪರ್ ಮಾದರಿ ಬೆಂಗಳೂರಿನ ಬಿಇಎಂಎಲ್‌ನಲ್ಲೇ ತಯಾರಾಗಿ 2024ರಲ್ಲಿ ಹೊರಬಂತು. ಮೆತ್ತನೆ ಬರ್ತ್, ತಾನೇ ಮುಚ್ಚುವ ಬಾಗಿಲು, ಓದಲು ಒಂದೊಂದು ದೀಪ. ಪ್ರತಿಯೊಬ್ಬರಿಗೂ ಅವರದೇ ದೀಪ ಬಂದ ಮೇಲೆ, ಯಾವಾಗ ಆರಿಸೋಣ ಎಂದು ಪಕ್ಕದವರನ್ನು ಕೇಳುವ ಅಗತ್ಯ ಇರುವುದಿಲ್ಲ. ಇದು ದೂರಲ್ಲ, ನನಗೂ ಮೆತ್ತನೆ ಬರ್ತ್ ಇಷ್ಟವೇ.

*

ಬೆಂಗಳೂರಿಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಬಾಗಿಲವರೆಗೆ ಸಾಲು ಬೆಳೆದಿರುತ್ತದೆ. ಭುಜದ ಮೇಲೆ ಚೀಲ, ಕಾಲ ನಡುವೆ ಸೂಟ್‌ಕೇಸು. ಗಾಡಿ ಔಟರಿನಲ್ಲಿ ನಿಲ್ಲುತ್ತದೆ. ಯಾರೂ ಮತ್ತೆ ಕೂರುವುದಿಲ್ಲ. ಕೂತರೆ ಸಾಲು ತಪ್ಪುತ್ತದೆ. ರಾತ್ರಿ ರೊಟ್ಟಿ ಹಂಚಿಕೊಂಡವರೇ ಈಗ ಮೊಣಕೈಯಲ್ಲಿ ದಾರಿ ಮಾಡಿಕೊಳ್ಳುತ್ತಾರೆ. ಎಲ್ಲರಿಗೂ ಪ್ರೀಪೇಯ್ಡ್ ಆಟೊದ ಕ್ಯೂನಲ್ಲಿ ಮೊದಲು ನಿಲ್ಲಬೇಕು.